ಯಾವ್ದು ನಾರ್ಮಲ್ಲು?

ಧೃತಿ, ಲಿಖಿತ್, ನೀವಿಬ್ಬರೂ ಒಂದೇ ತೊಟ್ಟಿಲಲ್ಲಿ ಕಾಲು ಆಡಿಸುತ್ತಾ ಮಲಗಿದ್ದಾಗ ಕೊತ್ತತ್ತಿಯಿಂದ ನನ್ನ ಅಕ್ಕ ನೋಡಲು ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಯಾವ್ದು ನಾರ್ಮಲ್ಲು, ಯಾವ್ದು ಸಿಜೇರಿನ್ನು?"

ಧೃತಿ, ನಿನ್ನಮ್ಮ ಮಂಗಳಾ, ಅಂದರೆ ನನ್ನ ಮಗಳು, ಮಾಮೂಲಿಯಾಗಿ ಹೆತ್ತಿದ್ದಳು. ಲಿಖಿತ್, ನೀನು ಅಡ್ಡ ಮಲಗಿಬಿಟ್ಟಿದ್ದೆ, ಅದಕ್ಕೆ ನಿನ್ನಮ್ಮ ಕಾವ್ಯಳ ಹೊಟ್ಟೆ ಕುಯ್ಯಬೇಕಾಯಿತು. ನನ್ನ ಸೊಸೆಯಾದ ಅವಳಿಗೆ ತಾಯಿಯಿಲ್ಲ, ಹಾಗಾಗಿ ಇಬ್ಬರ ಬಾಣಂತನವೂ ನಮ್ಮ ಮನೆಯಲ್ಲೇ.

"ನಿನ್ ಸೊಸೆ ಎಲ್ಲಿ ಎತ್ಲು? ಡಾಕ್ಟ್ರು ಎತ್ಕೊಟ್ರು ಕಣಮ್ಮಿ," ಅಂದಳು ಅಕ್ಕ.

ಕಾವ್ಯ ಅನ್ನದ ತಟ್ಟೆ ತಳ್ಳಿ ಗೋಡೆಗೆ ಮುಖ ತಿರುಗಿಸಿದಳು. ನೋಡಲು ಬಂದವರೆಲ್ಲ ಇದನ್ನೇ ಅಂದು ಹೋಗಿ, ಅವಳು ಸರಿಯಾಗಿ ಉಣ್ಣುವುದನ್ನೇ ಬಿಟ್ಟಿದ್ದಳು. ಅಕ್ಕನ ಎದುರು ನನಗೆ ಬಾಯಿ ಬರುವುದಿಲ್ಲ.

ಮಂಗಳಾಗೆ ಬರುತ್ತದೆ. ಮಡಿಸಿದ ದುಪ್ಪಟಿಯ ಮೇಲೆ ಒಂದೇ ಕುಂಡಿಯಲ್ಲಿ ಓರೆಯಾಗಿ ಕೂತಿದ್ದ ಅವಳು ಅಂದಳು, "ದೊಡ್ಡವ್ವ, ನಂಗೂ ಒಲ್ಗೆ ಆಕವ್ರೆ. ಅವ್ಳು ನಗಂಗಿಲ್ಲ, ನಾನು ಕೂರಂಗಿಲ್ಲ. ನಾನ್ ಕೂತಿರಾದ್ ನೋಡು, ನಾರ್ಮಲ್ಲಾಗಿ ಅದಾ?"

ಕಾವ್ಯ ಎರಡೂ ಕೈಯಲ್ಲಿ ಹೊಟ್ಟೆ ಅದುಮಿಕೊಂಡು ನಕ್ಕಳು. "ಸುಮ್ಕಿರಿ ಅತ್ಗೆ, ನನ್ ಒಲ್ಗೆ ಕಿತ್ತೋಯ್ತದೆ." ನಗು ತಡೆಯಲಾರದೆ ಅಕ್ಕನೂ ನಕ್ಕು, ಆ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದಳು. ಕಾವ್ಯ ಉಂಡಳು.

ನಮ್ಮ ಕಡೆಯ ಬಾಯಲ್ಲಿ ಹೆತ್ತದ್ದೂ ಎತ್ತಿದ್ದೂ ಒಂದೇ ಥರ ಕೇಳಿಸುತ್ತದೆ, ಅದರಲ್ಲಿ ತಪ್ಪೇನಿಲ್ಲ. ನಿಮ್ಮಲ್ಲಿ ಯಾರು ನಾರ್ಮಲ್ಲು ಅಂತ ಯಾರಾದರೂ ಕೇಳಿದರೆ ಇಬ್ಬರೂ ಅಲ್ಲ ಅನ್ನಿ. ನಂಬದಿದ್ದರೆ ತೋರಿಸಲು ಬೇಕಾಗುತ್ತದೆ, ನಾನು ಬರೆದಿಟ್ಟ ಈ ಹಾಳೆಗಳನ್ನು ಜೋಪಾನವಾಗಿಡಿ.