ಟೀಚರ ಕಾರಿನ ಕ್ಯಾಮ್‌ಶಾಫ್ಟ್

ಮುಂಬೈಯ ಹೋಟೆಲು ಮುಚ್ಚಿ ಊರಿಗೆ ಬಂದ ಸಂಬಂಧಿಕರೊಬ್ಬರಿಂದ ನಾನು ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದೆ. ಎರಡೇ ಸೀಟು, ಮೇಲೆ ಕ್ಯಾನ್ವಾಸಿನ ಮಾಡು. ನೆಲಕ್ಕೆ ಎಷ್ಟು ಹತ್ತಿರವೆಂದರೆ ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ನಾನೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದೆ. ಕೋಟೇಶ್ವರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ, ಐವತ್ತು ದಾಟಿದ ಮನುಷ್ಯನಿಗೆ ಇಂಥ ಕಾರು ಯಾಕೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಹೆಂಡತಿ ಕೇಳಿದ್ದು ಒಂದೇ: "ನಂಗೂ ಬಿಡುಕೆ ಕಲ್ಸ್ತ್ರ್ಯಾ?"

ಕಲಿಸಿದೆ. ಅವಳು ಬ್ರಹ್ಮಾವರದ ಶಾಲೆಯೊಂದರಲ್ಲಿ ಟೀಚರು. ಮೂರು ತಿಂಗಳಲ್ಲಿ ಶಾಲೆಗೆ ಕಾರಿನಲ್ಲೇ ಹೋಗಿ ಬರತೊಡಗಿದಳು. ನಮ್ಮಲ್ಲಿ ಪರಿಚಯದವರು ಕಂಡರೆ ಗಾಡಿ ನಿಲ್ಲಿಸಿ, ಎಲ್ಲಿಗೆ, ಎಂತ ಎಂದು ವಿಚಾರಿಸದೆ ಮುಂದೆ ಹೋಗುವುದು ಜಗಳಕ್ಕೆ ಸಮ. ಅವಳು ಎಲ್ಲರಿಗೂ ನಿಲ್ಲಿಸುತ್ತಿದ್ದಳು. ಮಾತು ಮುಗಿಯುವವರೆಗೂ ಇಂಜಿನ್ ಗುರುಗುಡುತ್ತ ಕಾಯುತ್ತಿತ್ತು. ಒಂದು ಭಾನುವಾರ ನಾನೊಬ್ಬನೇ ಕುಂಭಾಶಿಯ ದೇವಸ್ಥಾನಕ್ಕೆ ಹೋದಾಗ ಹೂವಿನ ಅಂಗಡಿಯವನು ಕೇಳಿದ: "ಹ್ವಾಯ್, ಇದ್ ಟೀಚ್ರ ಕಾರ್ ಅಲ್ದಾ? ಇವತ್ತ್ ನೀವ್ ತಕಂಡ್ ಬಂದದ್ದಾ?" ಆ ದಿನ ದೇವರ ಎದುರು ಏನು ಬೇಡಿಕೊಂಡೆನೋ ನೆನಪಿಲ್ಲ. ಹೊಟ್ಟೆಕಿಚ್ಚಾದದ್ದು ಚೆನ್ನಾಗಿ ನೆನಪಿದೆ.

ಆ ವರ್ಷದ ಮಳೆಗಾಲದಲ್ಲಿ ಕ್ಯಾಮ್‌ಶಾಫ್ಟ್ ಸವೆಯಿತು. ಇಂಜಿನ್ನಿನ ವಾಲ್ವುಗಳು ಯಾವಾಗ, ಎಷ್ಟು ತೆರೆಯಬೇಕೆಂದು ನಿರ್ಧರಿಸುವ ದಂಡ ಅದು. ತಲ್ಲೂರಿನ ಮೆಕ್ಯಾನಿಕ್ ಮೀನಿನ ಬೋಟುಗಳ ಇಂಜಿನ್ನನ್ನೂ ಇಂಥ ಮುದಿ ಕಾರುಗಳನ್ನೂ ಒಂದೇ ಸ್ಪ್ಯಾನರಿನಲ್ಲಿ ಬಿಚ್ಚುವವರು. ಅವರು ಎರಡು ಶಾಫ್ಟು ತರಿಸಿ ಮೇಜಿನ ಮೇಲಿಟ್ಟರು. ಒಂದು ಮೊದಲಿದ್ದ ಅಳತೆಯದೇ. ಇನ್ನೊಂದು ರೇಸಿನವರದು. ಅದರ ಉಬ್ಬುಗಳು ದೊಡ್ಡವು. ಸ್ಪೀಡಿನಲ್ಲಿ ಇಂಜಿನ್ ಕೂಗಿಕೊಂಡು ಓಡುತ್ತದೆ, ನಿಧಾನ ಮಾತ್ರ ಅದಕ್ಕೆ ಆಗಿಬರುವುದಿಲ್ಲ.

"ಗಾಡಿ ಎಲ್ಲಿಗ್ ಹೋಪ್ದ್?" ಎಂದು ಕೇಳಿದರು.

"ಹೈವೇಯಂಗೆ," ಎಂದೆ.

"ಹೈವೇಯಂಗೆ ಬ್ಯಾರಿಕೇಡ್ ಇಲ್ಯಾ? ಟೀಚ್ರ್ ಬಿಡುದಾರೆ ರೇಸಿಂದ್ ಬ್ಯಾಡ. ನಿಂತಲ್ಲೆಲ್ಲ ಆಫ್ ಆತ್ತ್."

ಸ್ವಲ್ಪ ಹೊತ್ತು ಯೋಚಿಸಿದಂತೆ ಮಾಡಿ, ರೇಸಿನದನ್ನೇ ಹಾಕಿ ಎಂದೆ. ನಿಜಕ್ಕೂ ಯೋಚಿಸುವುದಕ್ಕೆ ಏನೂ ಇರಲಿಲ್ಲ.

ಕಾರು ಮನೆಗೆ ಬಂದ ಮರುದಿನ ಅವಳು ಶಾಲೆಗೆ ಹೊರಟಳು. ಕುಂಭಾಶಿಯ ಬ್ಯಾರಿಕೇಡಿನ ಬಳಿ ನಾಲ್ಕು ಸಲ ಆಫ್ ಆಯಿತಂತೆ, ಹಿಂದೆ ಮೀನಿನ ಲಾರಿಯವನು ಹಾರ್ನಿನಿಂದ ಕೈ ತೆಗೆಯಲಿಲ್ಲವಂತೆ. ಹೇಗೋ ಹೋಗಿ ಬಂದಳು. ಸಂಜೆ ಕೀಲಿಯನ್ನು ಮೊಳೆಗೆ ಸಿಕ್ಕಿಸಿ, "ಇದ್ ನಂಗ್ ಆಪುದಲ್ಲ," ಎಂದಷ್ಟೇ ಹೇಳಿದಳು. ಎಲ್ಲ ಇಂಜಿನ್ನೂ ಎಲ್ಲರ ಕೈಗೆ ಒಗ್ಗುವುದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವಳು ತಲೆಯಾಡಿಸಿದಳು. ಮಾರನೆಯ ದಿನದಿಂದ ಬಸ್ಸಿನಲ್ಲಿ ಹೋಗತೊಡಗಿದಳು.

ಕಾರು ಮತ್ತೆ ನನ್ನದಾಯಿತು. ಬೈಂದೂರಿನ ಕಡೆ ರಸ್ತೆ ಖಾಲಿ ಸಿಕ್ಕಿದರೆ ಐದು ನಿಮಿಷ ಅದ್ಭುತವಾಗಿ ಓಡುತ್ತಿತ್ತು. ಉಳಿದ ಹೊತ್ತು, ಪರಿಚಯದವರು ಕೈ ಮಾಡಿದರೆ ನಾನೂ ಕೈ ಬೀಸಿ ಮುಂದೆ ಹೋಗಬೇಕಿತ್ತು; ನಿಲ್ಲಿಸಿದರೆ ಆಫ್. ನಾನು ದೊಡ್ಡ ಜನ ಆಗಿದ್ದೇನೆಂದು ಊರಲ್ಲಿ ಮಾತಾಯಿತು. ಸಂಜೆ ಚಾ ಕುಡಿಯುತ್ತ, ದಾರಿಯಲ್ಲಿ ಯಾರ್ಯಾರು ಸಿಕ್ಕಿದರು, ಎಂತ ಹೇಳಿದರು ಎಂದು ಅವಳು ವರದಿ ಒಪ್ಪಿಸುವುದೂ ನಿಂತುಹೋಗಿತ್ತು. ಅದು ನನಗೆ ಅಷ್ಟು ಬೇಕಾಗಿತ್ತೆಂದು ಗೊತ್ತಾದದ್ದು ನಿಂತ ಮೇಲೆ.

ಎರಡು ತಿಂಗಳಾದ ಮೇಲೆ ತಲ್ಲೂರಿಗೆ ಹೋಗಿ, ಮೊದಲಿನ ಅಳತೆಯ ಶಾಫ್ಟನ್ನೇ ಹಾಕಿಬಿಡಿ ಎಂದೆ. ಮೆಕ್ಯಾನಿಕ್ ಬಗ್ಗಿದಲ್ಲಿಂದ ತಲೆ ಎತ್ತಲಿಲ್ಲ.

"ಟೀಚ್ರ್ ಅವತ್ತೇ ರಸ್ತೆಯಂಗೆ ನಿಂತ್ಕಂಡ್ ಫೋನ್ ಮಾಡಿರ್. ನಂದ್ ತಪ್ಪಾ, ಗಾಡಿದಾ ಅಂದೇಳಿ ಕೇಂಡ್ರ್. ನಾ ಎಂತ ಸುಳ್ಳ್ ಹೇಳೂದ್? ಗಾಡಿದೇ, ಯಜಮಾನ್ರಿಗೆ ಮೊದ್ಲೇ ಹೇಳಿದ್ದೆ ಅಂದೆ."

ಅಂದರೆ ಎರಡು ತಿಂಗಳೂ ಅವಳಿಗೆ ಗೊತ್ತಿತ್ತು. ನಾನು ಸಮಾಧಾನ ಹೇಳುವಾಗಲೂ ಗೊತ್ತಿತ್ತು.

ಕಾರು ಸರಿಯಾಗಿ ಬಂದ ಮರುದಿನ ಬೆಳಿಗ್ಗೆ ಅದನ್ನು ಅಂಗಳದಲ್ಲಿ ಚಾಲು ಮಾಡಿ ಇಟ್ಟೆ. ಅವಳು ಬ್ಯಾಗು ಹಿಡಿದು ಹೊರಗೆ ಬಂದಳು. ಇನ್ನು ಆಫ್ ಆಗುವುದಿಲ್ಲ, ಗೊತ್ತಿದ್ದೇ ಮಾಡಿದ್ದೆ, ತಪ್ಪು ನನ್ನದೇ, ನೀನೇ ತೆಗೆದುಕೊಂಡು ಹೋಗು ಎಂದೆ. ಅವಳು ಚಪ್ಪಲಿ ಮೆಟ್ಟಿಕೊಂಡು ಇಂಜಿನ್ನಿನ ಸದ್ದನ್ನು ಸ್ವಲ್ಪ ಹೊತ್ತು ಕೇಳಿದಳು. ಇಷ್ಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು.

"ಬ್ಯಾಡ, ಬಸ್ಸಂಗೇ ಹೋತೆ," ಎಂದಳು. "ಬಸ್ಸಿನ್ ಶಾಫ್ಟ್ ಬದಲ್ ಮಾಡುಕೆ ನಿಮ್ಗೆ ಆತಿಲ್ಲ."