ಮೊದಲು ತಂತಿ, ಆಮೇಲೆ ಏಣಿ

ನಮ್ಮ ಬಾಳೂರಿನ ತೋಟದ ಮೇಸ್ತ್ರಿ, ಕಾಳುಮೆಣಸು ಕೊಯ್ಯಲು ಅಲ್ಯೂಮಿನಿಯಂ ಏಣಿ ಎತ್ತುವ ಮುನ್ನ ಪ್ರತಿ ಮರದಡಿಯೂ ಟೋಪಿ ತೆಗೆದು, ಕತ್ತೆತ್ತಿ ಆಕಾಶ ನೋಡುತ್ತಿದ್ದರು. "ಮೊದ್ಲು ತಂತಿ, ಆಮೇಲೆ ಏಣಿ" ಎಂಬುದು ಅವರ ಏಕೈಕ ಮಂತ್ರ.

"ಮೇಸ್ತ್ರಿಗಳೇ, ನಮ್ಮ ಗ್ರಹಗತಿ ಹೆಂಗಿದೆ?" ಎಂದು ಕೆಲಸದ ಹೆಂಗಸರು ಛೇಡಿಸುತ್ತಿದ್ದರು.

"ನೋಡಿದ್ನಲ್ಲ ಮಾರಾಯ್ತಿ, ಇವತ್ತಿಗೆ ಅಡ್ಡಿಯಿಲ್ಲ."

ಒಮ್ಮೆ ಆಳು ಕಡಿಮೆಯೆಂದು ತೋಟದ ಯಜಮಾನನಾದ ನಾನೇ ಏಣಿ ಎತ್ತಹೊರಟೆ. ನನ್ನೆದುರು ಎಂದೂ ದನಿಯೇರಿಸದ ಮೇಸ್ತ್ರಿ, "ಬಿಡೋ ಏಣಿ!" ಎಂದು ತೋಟವೇ ಬೆಚ್ಚುವಂತೆ ಅರಚಿದರು. ಅರ್ಧ ಎತ್ತಿದ್ದ ಏಣಿ ಕೈಜಾರಿ ಕಾಫಿಗಿಡಗಳ ಮೇಲೆ ಬಿತ್ತು. ಸಿಲ್ವರ್ ಓಕಿನ ಎಲೆಗಳ ಮರೆಯಲ್ಲಿ, ಏಣಿಯ ತುದಿ ತಲುಪಲಿದ್ದ ಜಾಗದಲ್ಲೇ, ಕರೆಂಟಿನ ತಂತಿ ಹಾದುಹೋಗಿತ್ತು.

ಮೇಸ್ತ್ರಿ ಕೈಮುಗಿದರು. "ತಪ್ಪಾಯ್ತು ಅಯ್ಯಾ, ಕೂಗಿಬಿಟ್ಟೆ."

ಜೀವಂತವಾಗಿದ್ದೆನಾದ್ದರಿಂದ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.