ನಾನು ಏಣಿಯಿಂದ ಬೀಳಿಸಿದ ಪೇಂಟರ್

ಹಂಪಿಯ ಗೈಡುಗಳಿಗೆ ಒಂದು ಚಾಳಿ ಇದೆ. ಎದುರಿಗಿರುವ ಕಲ್ಲನ್ನು ಯಾರು ಕೆತ್ತಿದರು ಎಂದು ಪ್ರವಾಸಿಗರು ಕೇಳಿದರೆ ನಮ್ಮ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬರುವುದಿಲ್ಲ. ಗೊತ್ತಿಲ್ಲ ಎಂದವನ ಹಿಂದೆ ಯಾರೂ ನಡೆಯುವುದಿಲ್ಲ ಎಂದು ಈ ಕಸುಬು ಕಲಿಸಿದ ಹಿರಿಯರು ಹೇಳಿದ್ದರು. ಹಾಗಾಗಿ ಗೊತ್ತಿದ್ದದ್ದನ್ನು ಹೇಳುತ್ತೇವೆ, ಗೊತ್ತಿಲ್ಲದ್ದಕ್ಕೆ ಕಥೆ ಕಟ್ಟುತ್ತೇವೆ. ಕೆತ್ತಿದವನು ಸತ್ತು ನೂರಾರು ವರ್ಷವಾಗಿದೆ. ಅವನೇನು ಎದ್ದು ಬಂದು ‘ಸುಳ್ಳು ಹೇಳ್ತೀಯೇನಲೇ’ ಎಂದು ಕೇಳುತ್ತಾನೆಯೇ? ಹದಿನೆಂಟು ವರ್ಷ ನಾನೂ ಹೀಗೆಯೇ ಹೊಟ್ಟೆ ಹೊರೆದೆ. ಈ ಚಾಳಿಯನ್ನು ಹಂಪಿಯಲ್ಲೇ ಬಿಟ್ಟು ಬರದೆ ಹೊಸಪೇಟೆಗೂ ಹೊತ್ತು ತಂದದ್ದು ನನ್ನ ತಪ್ಪು.

ಹೊಸಪೇಟೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ನನ್ನ ಸಂಜೆ ನಡಿಗೆ ಶುರುವಾದದ್ದು ಪುಣೆಯಿಂದ ಬಂದ ಒಬ್ಬ ಹೆಣ್ಣುಮಗಳಿಂದ. ಮೂರು ದಿನ ನನ್ನ ಜೊತೆ ಬಿಸಿಲಲ್ಲಿ ಗುಡಿ ಮಂಟಪಗಳನ್ನೆಲ್ಲ ಸುತ್ತಿದ ಆಕೆ, ಕಮಲಾಪುರದ ಚಹಾದಂಗಡಿಯಲ್ಲಿ ಕೂತು, “ಸತ್ತವರು ಮಾಡಿದ್ದನ್ನೆಲ್ಲ ತೋರಿಸಿದಿರಿ. ಬದುಕಿರುವವರು ಇಲ್ಲಿ ಏನೂ ಮಾಡುವುದಿಲ್ಲವೇ?” ಎಂದು ಹಿಂದಿಯಲ್ಲಿ ಕೇಳಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ನಮ್ಮೂರನ್ನು ಏನೆಂದುಕೊಂಡಿದ್ದಾರೆ ಇವರು? ಈಗಲೇ ತೋರಿಸುತ್ತೇನೆ ನಡೆಯಿರಿ ಎಂದು ಆಟೋ ಹತ್ತಿಸಿ ಹೊಸಪೇಟೆಗೆ ಕರೆತಂದೆ. ಇಳಿದ ಮೇಲೆ ನೋಡಿದರೆ, ಏನು ತೋರಿಸಬೇಕೆಂಬುದು ನನಗೇ ಗೊತ್ತಿಲ್ಲ!

ಸುಮ್ಮನೆ ನಡೆದೆವು. ಆಕೆಯೇ ಒಂದೊಂದು ಗೋಡೆಯ ಮುಂದೆ ನಿಂತು ಇದು ಯಾರದು, ಇದೇಕೆ ಹೀಗೆ ಎಂದು ಕೇಳತೊಡಗಿದರು. ಬ್ಯಾಂಡ್ ಸೆಟ್ಟಿನ ಅಂಗಡಿಯ ಶಟರಿನ ಮೇಲೆ ಒಂದು ಹುಲಿ ಗಲ್ಲ ಉಬ್ಬಿಸಿ ಕಹಳೆ ಊದುತ್ತಿತ್ತು. ಕಾಲುವೆ ಪಕ್ಕದ ಕಾಂಪೌಂಡಿನ ಮೇಲೆ ಚಿತ್ರಕಲೆ ಓದುವ ಹುಡುಗಿಯರು ಬಾಳೆಹಣ್ಣು ಮಾರುವ ಮುದುಕಿಯೊಬ್ಬಳನ್ನು ಮನೆಯೆತ್ತರ ಬರೆದಿದ್ದರು. ಅವಳ ಮೂಗುಬೊಟ್ಟಿನ ಜಾಗದಲ್ಲಿ ಯಾರೋ ಸೈಕಲ್ಲಿನ ರಿಫ್ಲೆಕ್ಟರ್ ಅಂಟಿಸಿದ್ದರು. ದಿನಾ ಅದೇ ದಾರಿಯಲ್ಲಿ ಓಡಾಡುವ ನಾನು ಆ ಮುದುಕಿಯನ್ನು ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ. ಗೈಡ್ ಅಂತೆ ಗೈಡ್, ಥೂ!

ಕಾಲು ಸೋತಾಗ ಆಕೆ, ಎಲ್ಲಾದರೂ ಕೂತು ಒಂದು ಬಿಯರ್ ಕುಡಿಯಬಹುದೇ ಎಂದರು. ಹಂಪಿಯಲ್ಲಿ ಆ ಮಾತೇ ಇಲ್ಲ. ಹೊಸಪೇಟೆಯಲ್ಲಿ ಅದಕ್ಕೇನು ಬರವೇ? ಗಲ್ಲಿಯೊಳಗಿನ ಒಂದು ಪುಟ್ಟ ಬಾರಿಗೆ ಕರೆದೊಯ್ದೆ. ಆರೇ ಟೇಬಲ್ಲು. ಹುರಿದ ಶೇಂಗಾ, ಹಸಿ ಉಳ್ಳಾಗಡ್ಡಿ, ಎರಡು ರೆಕ್ಕೆ ಮಾತ್ರ ಉಳಿದ ಫ್ಯಾನು. ಹೆಣ್ಣುಮಗಳು ಒಳಗೆ ಬಂದದ್ದಕ್ಕೆ ಕುಡಿಯುವವರೆಲ್ಲ ಕಾಲು ಕೆಳಗಿಟ್ಟು ನೆಟ್ಟಗೆ ಕೂತರು. ಆಕೆಯ ಕಣ್ಣು ಮಾತ್ರ ಹಿಂದಿನ ಗೋಡೆಯ ಮೇಲಿತ್ತು.

ಆ ಗೋಡೆಯ ತುಂಬ ಒಂದು ಹೊಳೆ. ನಮ್ಮ ತುಂಗಭದ್ರೆಯೇ, ಸಂದೇಹವಿಲ್ಲ. ದಡದಲ್ಲಿ ಹಂಪಿಯ ಗುಂಡುಗಳು ಒಂದರ ಮೇಲೊಂದು ಕೂತಿದ್ದವು. ನೀರನ್ನು ಒಂದೇ ಬೀಸಿನಲ್ಲಿ ಎಳೆದ ಉದ್ದುದ್ದ ಗೆರೆಗಳಲ್ಲಿ ಬರೆದಿದ್ದರು, ಎಲ್ಲೂ ಕೈ ಎತ್ತಿದ ಗುರುತಿರಲಿಲ್ಲ. ನಡುನೀರಿನಲ್ಲಿ ಒಂದು ಹರಿಗೋಲು. ಅದರೊಳಗೆ ಒಂದು ಟವೆಲ್ಲು, ಒಂದು ಬುತ್ತಿಗಂಟು. ಮನುಷ್ಯ ಮಾತ್ರ ಇಲ್ಲ.

“ಹರಿಗೋಲು ಖಾಲಿ ಏಕಿದೆ?” ಎಂದು ಆಕೆ ಕೇಳಿದರು. ಸಪ್ಲೈಯರನ್ನು ಕೇಳಿದೆ. “ನಾ ಬರೋಕಿಂತ ಮೊದ್ಲ ಐತ್ರಿ ಅದು. ಯಾರು ಬರದಾರೋ ಏನೋ,” ಎಂದ. ಆಗ ನಾನೂ ಗೊತ್ತಿಲ್ಲ ಎಂದು ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರಲ್ಲ, ಹಾಗಾಯಿತು. “ಬರೆದವನು ಮುಗಿಸುವ ಮೊದಲೇ ಹೋಗಿಬಿಟ್ಟ. ಹರಿಗೋಲಿನಲ್ಲಿ ಅಂಬಿಗನನ್ನು ಬರೆಯುವುದೊಂದೇ ಬಾಕಿ ಇತ್ತು. ಏಣಿಯ ಮೇಲಿಂದ ಬಿದ್ದ. ಬಿದ್ದಾಗಲೂ ಕೈಯಲ್ಲಿ ಬ್ರಶ್ಶು ಹಾಗೇ ಇತ್ತಂತೆ,” ಎಂದೆ. ಆಕೆಯ ಕಣ್ಣಲ್ಲಿ ನೀರು ಬಂತು. ನಾನೂ ಕಣ್ಣೊರೆಸಿಕೊಂಡೆ ಎಂದರೆ ನಂಬಬೇಕು.

ನಮ್ಮ ಕಡೆ ಕುಡಿಯುವವರು ಮೊದಲ ಗುಟುಕಿಗೆ ಮುಂಚೆ ಬೆರಳದ್ದಿ ಒಂದೆರಡು ಹನಿ ನೆಲಕ್ಕೆ ಚಿಮುಕಿಸುತ್ತಾರೆ. ಸತ್ತ ಹಿರಿಯರಿಗೆ ಅದು. ಪಕ್ಕದ ಟೇಬಲ್ಲಿನವನು ಹಾಗೆ ಮಾಡಿದ್ದನ್ನು ಕಂಡು ಆಕೆ ಏನೆಂದು ಕೇಳಿದರು, ಹೇಳಿದೆ. ಆಕೆ ತನ್ನ ಗ್ಲಾಸಿನಲ್ಲಿ ಬೆರಳದ್ದಿ ನೆಲಕ್ಕಲ್ಲ, ಗೋಡೆಯ ಮೇಲಿನ ಹೊಳೆಗೇ ಒಂದು ಹನಿ ಚಿಮುಕಿಸಿದರು.

ಅಲ್ಲಿಂದ ಅದೇ ನನ್ನ ನಡಿಗೆಯ ಹೆಸರುವಾಸಿ ಭಾಗವಾಯಿತು. ಶನಿವಾರ ಸಂಜೆ ಆರೇಳು ಜನ ಬರುವರು. ನಾಲ್ಕು ಗೋಡೆ ನೋಡಿ, ಎರಡು ಬಾರಿನಲ್ಲಿ ಕೂತು, ಕಡೆಗೆ ಈ ಹೊಳೆಯ ಮುಂದೆ ಬರುವೆವು. ನಾನು ಕಥೆ ಹೇಳುವೆ, ಅವರು ಹನಿ ಹಾಕುವರು. ಆಮೇಲಾಮೇಲೆ ಬಾರಿನ ಕಾಯಂ ಗಿರಾಕಿಗಳೂ ಹಾಕತೊಡಗಿದರು. ಕಂಪ್ಲಿಯಿಂದ ಅಕ್ಕಿ ತರುವ ಲಾರಿಯವರು, ಸಂಡೂರಿನ ಗಣಿ ಲಾರಿಯ ಡ್ರೈವರುಗಳು, ಎಲ್ಲರೂ. ಸಪ್ಲೈಯರ್ ಅಂತೂ ನನ್ನ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುವಷ್ಟು ಪಳಗಿದ.

ಆದರೆ ಒಂದು ವಿಷಯ ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು. ನಿಜವಾಗಿ ಬರೆದವರು ಯಾರು? ಹಂಪಿಯ ಕಲ್ಲುಗಳ ಬಗ್ಗೆ ನನಗೆಂದೂ ಈ ಕುತೂಹಲ ಹುಟ್ಟಿರಲಿಲ್ಲ. ಒಮ್ಮೆ ಸಂಡೂರಿಗೆ ಹೋದಾಗ ಅದಿರಿನ ಕೆಂಪು ದೂಳು ಮೆತ್ತಿದ ಲಾರಿಯೊಂದರ ಹಿಂಬದಿಯ ಹಲಗೆಯ ಮೇಲೆ ಅದೇ ಹೊಳೆ ಕಂಡಿತು. ಅದೇ ಉದ್ದ ಗೆರೆ, ಅದೇ ಖಾಲಿ ಹರಿಗೋಲು. ಆ ಲಾರಿಯ ಹಿಂದೆ ನಾಲ್ಕು ಮೈಲಿ ಬೈಕ್ ಓಡಿಸಿದೆ. ಡ್ರೈವರ್ ನಿಲ್ಲಿಸಿ, “ಕಂಪ್ಲ್ಯಾಗ ರೈಸ್ ಮಿಲ್ ಗ್ವಾಡಿ ಮ್ಯಾಲೂ ಐತಿ ನೋಡ್ರಿ ಇದು,” ಎಂದ. ಮರುದಿನವೇ ಕಂಪ್ಲಿ ಬಸ್ಸು ಹತ್ತಿದೆ.

ಮಿಲ್ಲಿನ ಗೋಡೆಗೆ ದೊಡ್ಡ ಫ್ಲೆಕ್ಸು ಹೊಡೆದಿದ್ದರು. ಅದರ ಅಂಚಿನಿಂದ ಹಳೆಯ ನೀಲಿ ಗೆರೆಗಳು ಇಣುಕುತ್ತಿದ್ದವು. ಸಾವ್ಕಾರರು ವಿಭೂತಿ ಹಚ್ಚಿಕೊಂಡು ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ಪೇಂಟರ್ ಯಾರೆಂದು ಕೇಳಿದೆ.

“ಭಾಳ ಚಲೋ ಕೈಯಿ ಅದು. ವರ್ಷಾ ದೀಪಾವಳಿಗೆ ಬಂದು ಮಿಲ್ ಹೆಸರು ತಿದ್ದಿ ಹೋಗ್ತಿದ್ದ. ಈಗ ಹೋಗಿಬಿಟ್ನಲ್ರಿ ಪಾಪ. ಹೊಸಪ್ಯಾಟ್ಯಾಗ ಏಣಿ ಮ್ಯಾಲಿಂದ ಬಿದ್ದನಂತ. ಬಿದ್ದಾಗೂ ಕೈಯಾಗ ಬ್ರಶ್ಶು ಹಂಗ ಇತ್ತಂತ!”

ಆ ಬ್ರಶ್ಶು ನನ್ನದು. ಆ ಏಣಿಯೂ ನನ್ನದೇ.

“ಯಾರು ಹೇಳಿದ್ರು ಸಾವ್ಕಾರ್ರ?”

“ಎಲ್ಲಾರೂ ಹೇಳ್ತಾರ. ನಮ್ಮ ಲಾರಿ ಡ್ರೈವರ್ ಬಾರ್‍ನ್ಯಾಗ ಅವಂಗ ಒಂದು ಹನಿ ಹಾಕಿ ಬಂದಾನ. ಅದಕ್ಕ ಈ ಸಲ ಫ್ಲೆಕ್ಸ್ ಮಾಡಿಸಿದೆ. ಸತ್ತಾಂವ ಬಂದು ಬರೀತಾನೇನ್ರಿ?”

ಪೇಂಟರನ ಊರು ಯಾವುದೆಂದು ಕೇಳಿದೆ. ಹೊಸಪೇಟೆಗೆ ಅಂಟಿಕೊಂಡ ಚಿತ್ತವಾಡ್ಗಿ ಎಂದರು. ಚಿತ್ತವಾಡ್ಗಿಯಲ್ಲೇ ಹುಟ್ಟಿ ಬೆಳೆದವನು ನಾನು! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದಂತಾಯಿತು. ಅಂದು ಸಂಜೆಯೇ ಕೇಳುತ್ತ ಹೋದೆ. ನಮ್ಮ ಮನೆಯಿಂದ ಎರಡೇ ಓಣಿ ಆಚೆ, ಹಿಟ್ಟಿನ ಗಿರಣಿಯ ಮಗ್ಗುಲಲ್ಲಿ ಮನೆ. ಬಾಗಿಲು ತೆರೆದ ಹೆಂಗಸಿನ ಹಣೆಯಲ್ಲಿ ಕಾಸಗಲ ಕುಂಕುಮವಿತ್ತು. ನನ್ನ ಮುಖ ನೋಡಿ ಆಕೆ ನಿಟ್ಟುಸಿರು ಬಿಟ್ಟರು.

“ಮಾತಾಡ್ಸಾಕ ಬಂದೀರೇನಪ್ಪ? ಅವ್ರು ಸತ್ತಿಲ್ಲ. ಒಳಗ ಉಣ್ಣಾಕ ಕುಂತಾರ.”

ಸಾವಾದ ಮನೆಗೆ ಹೋಗಿ ಬರುವುದಕ್ಕೆ ನಮ್ಮಲ್ಲಿ ಮಾತಾಡಿಸುವುದು ಎನ್ನುತ್ತಾರೆ. ಹಾಗೆ ಬಂದವರಲ್ಲಿ ನಾನೇ ಮೊದಲನೆಯವನಾಗಿರಲಿಲ್ಲ. “ನಮ್ಮ ನಾದಿನಿ ಸಂಡೂರಿಂದ ಎದಿ ಬಡ್ಕೊಂತ ಬಂದ್ಲು. ಬಾಗಲ್ದಾಗ ಅಣ್ಣನ್ನ ನೋಡಿ ಅಲ್ಲೇ ಕುಸದು ಕುಂತ್ಲು. ನೀರು ಹೊಡೆದು ಎಬ್ಸಿದ್ವಿ,” ಎಂದರು. ಸಿಟ್ಟಿನಲ್ಲೇ ಶುರುಮಾಡಿದ ಆಕೆಗೆ ಹೇಳುತ್ತ ಹೇಳುತ್ತ ನಗು ಬಂತು. ನನಗೆ ಬರಲಿಲ್ಲ.

ಒಳಗೆ ಸಣಕಲು ಮುದುಕರೊಬ್ಬರು ರೊಟ್ಟಿ ಮುರಿಯುತ್ತಿದ್ದರು. ಉಗುರಿನ ಸಂದಿಯಲ್ಲಿ ಹಳೆಯ ಬಣ್ಣ. “ಬರ್ರಿ, ಕುಂದ್ರಿ. ನಾನ ನೋಡ್ರಿ ಆ ಸತ್ತಾಂವ,” ಎಂದರು.

ಹೇಳಬೇಕಾದ್ದನ್ನು ಬಿಟ್ಟು ನಾನು ಕೇಳಿದ್ದು, ಇಷ್ಟು ದಿನ ತಲೆ ತಿಂದ ಪ್ರಶ್ನೆಯನ್ನು. “ಯಜಮಾನ್ರ, ಆ ಹರಿಗೋಲ್ದಾಗ ಮನಷ್ಯಾ ಯಾಕಿಲ್ರಿ?”

“ಅಯ್ಯ, ಮನಷ್ಯಾರ ಮುಖ ನನಗ ಬರಂಗಿಲ್ಲ! ಎಷ್ಟು ತಿದ್ದಿದ್ರೂ ಬೆಕ್ಕಿನ ಮುಖ ಆಗತೈತಿ. ಅದಕ್ಕ ಬುತ್ತಿ ಇಟ್ಟು ಬಿಟ್ಬಿಡ್ತೀನಿ. ನೋಡಿದ ಮಂದಿ, ಅಂವ ಎಲ್ಲೋ ಈಜಾಕ ಇಳದಾನ ಅಂತ ತಿಳ್ಕೊಳ್ಲಿ ಅಂತ.”

ನಾನು ಬಿದ್ದು ಬಿದ್ದು ನಕ್ಕೆ. ನಗುತ್ತಿರುವಾಗಲೇ ಅವರು ಕೈ ಮುಂದೆ ಚಾಚಿದರು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಫ್ಲೆಕ್ಸ್ ಬಂದ ಮ್ಯಾಲೂ ನಾಕು ಮಂದಿ ಕರೀತಿದ್ರು. ಆರು ತಿಂಗಳಾತು, ಅವ್ರೂ ಕರೀವಲ್ರು. ಸತ್ತಾಂವನ್ನ ಯಾರು ಕರೀತಾರ? ಕೆಲಸ ನಿಂತ್ರ ಈ ಕೈ ನಡುಗತೈತಿ ನೋಡ್ರಿ. ಇನ್ನೊಂದು ನಾಕು ತಿಂಗಳು ಹಿಂಗ ಆದ್ರ, ಬ್ರಶ್ಶು ನಿಲ್ಲಂಗಿಲ್ಲ. ಕಂಪ್ಲಿ ಮಿಲ್ ಗ್ವಾಡಿ ಒಂದು ಸಿಕ್ಕಿದ್ರ ಸಾಕಿತ್ತು. ಯಾವ ಪುಣ್ಯಾತ್ಮ ಈ ಸುದ್ದಿ ಹಬ್ಸ್ಯಾನೋ, ಸಿಕ್ರ ಒಂದು ಮಾತು ಕೇಳೋದೈತಿ.”

ಆ ಪುಣ್ಯಾತ್ಮ ಎದುರಿಗೇ ಕೂತು ಅವರ ಮನೆಯ ಚಹಾ ಕುಡಿಯುತ್ತಿದ್ದ. ಎಷ್ಟೋ ಜನ ನಿಮ್ಮ ಚಿತ್ರ ನೋಡಲು ಬರುತ್ತಾರೆ, ಶನಿವಾರ ನೀವೂ ಬನ್ನಿ ಎಂದಷ್ಟೇ ಹೇಳಿ ಎದ್ದುಬಂದೆ. ಎಲ್ಲರೆದುರು ಇವರೇ ಆ ಪೇಂಟರ್ ಎಂದು ತೋರಿಸಿ ಚಪ್ಪಾಳೆ ಹೊಡೆಸಿದರೆ ನನ್ನ ಸುಳ್ಳು ತಾನಾಗಿಯೇ ಕರಗಿಹೋಗುತ್ತದೆ ಎಂದು ನನ್ನ ಲೆಕ್ಕಾಚಾರ. ಎಂಥ ಹೇಡಿ ನಾನು!

ಶನಿವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಗುಂಪಿನ ಹಿಂದೆ ಸುಮ್ಮನೆ ನಡೆದರು. ಹುಲಿಯ ಮುಂದೆ ನಿಂತು, “ಇದೂ ಬೆಕ್ಕ ಆಗೈತಿ,” ಎಂದು ನನ್ನ ಕಿವಿಯಲ್ಲಿ ಹೇಳಿದರು. ಅದೂ ಅವರದೇ ಕೈಯಂತೆ. ಬಾರಿಗೆ ಬಂದೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಸಪ್ಲೈಯರ್ ಹುಮ್ಮಸ್ಸಿನಲ್ಲಿ ಶುರುಮಾಡಿಬಿಟ್ಟ. ಏಣಿ, ಬ್ರಶ್ಶು, ಮುಗಿಯದ ಅಂಬಿಗ, ಒಂದೂ ಬಿಡಲಿಲ್ಲ. ಕಾಯಂ ಗಿರಾಕಿಗಳು ಬೆರಳದ್ದಿ ಗೋಡೆಗೆ ಹನಿ ಚಿಮುಕಿಸಿದರು. ಬಂದ ಅತಿಥಿಗಳೂ ಚಿಮುಕಿಸಿದರು.

ಮುದುಕರು ಎದ್ದು ಗೋಡೆಯ ಹತ್ತಿರ ಹೋದರು. ತಿಂಗಳುಗಟ್ಟಲೆ ಹನಿ ಬಿದ್ದು ಹೊಳೆಯ ಎಡದಡದಲ್ಲಿ ಬಣ್ಣ ಎದ್ದು, ಮೊರದಗಲ ಗಾರೆ ಕಾಣುತ್ತಿತ್ತು. ಅದನ್ನು ನಾನು ವಾರ ವಾರವೂ ನೋಡಿದ್ದೆ, ಕಾಲದ ಗುರುತು ಎಂದು ಅತಿಥಿಗಳಿಗೆ ತೋರಿಸಿಯೂ ಇದ್ದೆ. ಅವರು ಅಲ್ಲಿ ಅಂಗೈ ಇಟ್ಟರು.

“ನನ್ನ ಹೊಳಿ ಯಾರು ತಿಂದ್ರಿ?”

“ಆ ಪುಣ್ಯಾತ್ಮ ನಾನ ರೀ,” ಎಂದೆ. “ಏಣಿ ಮ್ಯಾಲಿಂದ ನಿಮ್ಮನ್ನ ಬೀಳ್ಸಿದಾಂವ ನಾನ. ಬರದವ್ರು ಯಾರು ಅಂತ ಕೇಳಿದ್ರು. ಗೊತ್ತಿಲ್ಲ ಅನ್ನಾಕ ನಾಚಿಕಿ ಆತ್ರಿ.”

ಅತಿಥಿಯೊಬ್ಬರು ಏನಾಯಿತು, ನಮಗೂ ಹೇಳಿ ಎಂದರು. ನನ್ನ ಸುಳ್ಳನ್ನು ನಾನೇ ಎರಡು ಭಾಷೆಗಳಲ್ಲಿ ಬಿಡಿಸಿ ಹೇಳಬೇಕಾಯಿತು. ಜೀವಮಾನದಲ್ಲಿ ಅಷ್ಟು ಕೆಟ್ಟದಾಗಿ ನಾನೆಂದೂ ಗೈಡ್ ಕೆಲಸ ಮಾಡಿರಲಿಲ್ಲ. ಸಪ್ಲೈಯರ್ ತಟ್ಟೆ ಎದೆಗವಚಿಕೊಂಡು, ದೆವ್ವ ಕಂಡವನಂತೆ ಮುದುಕರನ್ನೇ ನೋಡುತ್ತಿದ್ದ.

ಅವರು ಬಂದು ಕೂತರು. ತಮ್ಮ ಗ್ಲಾಸಿನಲ್ಲಿ ಬೆರಳದ್ದಿ ನನ್ನ ಅಂಗಿಯ ಮೇಲೆ ಚಿಮುಕಿಸಿದರು. “ಇದು ನಿಮ್ಮ ಕಥಿಗೆ. ಇವತ್ತಿಗೆ ಅದು ಸತ್ತೈತಿ. ನಾಡ್ದು ಕಂಪ್ಲಿಗೆ ಬರ್ರಿ ನನ್ನ ಕೂಡ. ಸಾವ್ಕಾರ್ರಿಗೆ ನೀವ ಹೇಳ್ರಿ. ಆಮ್ಯಾಲೆ ಏಣಿ ಹಿಡೀರಿ.”

ಹೋದೆವು. ಸಾವ್ಕಾರರು ಮೊದಲು ಅವರ ತೋಳು ಮುಟ್ಟಿ ನೋಡಿದರು, ಆಮೇಲೆ ನನ್ನನ್ನು ಬಾಯಿಗೆ ಬಂದಂತೆ ಬೈದರು. ಒಂದಕ್ಕೂ ಎದುರಾಡದೆ ಬೈಸಿಕೊಂಡೆ. ಫ್ಲೆಕ್ಸು ಕೆಳಗಿಳಿಯಿತು. ಅದರಡಿಯ ಹಳೆಯ ಹೊಳೆ ಮಾಸಿತ್ತು, ಹರಿಗೋಲು ಮಾತ್ರ ಹಾಗೇ ಇತ್ತು. ಅವರು ನೀಲಿ ಡಬ್ಬಿಯನ್ನು ಕೊಕ್ಕೆಗೆ ಸಿಗಿಸಿ ಒಂದೊಂದೇ ಮೆಟ್ಟಿಲು ಹತ್ತಿದರು. ಏಣಿ ನಡುಗುತ್ತಿತ್ತು. ಅದು ಅವರ ಕೈಯ ನಡುಕವೋ ನನ್ನದೋ ತಿಳಿಯಲಿಲ್ಲ. ಮೊದಲ ಗೆರೆ ಎಳೆದರು, ಡೊಂಕಾಯಿತು. ಬಟ್ಟೆಯಿಂದ ಒರೆಸಿದರು. ಎರಡನೆಯದನ್ನೂ ಒರೆಸಿದರು. ನಾನು ಏಣಿ ಹಿಡಿದು ಮೇಲೆ ನೋಡುತ್ತಿದ್ದೆ. ಮೂರನೆಯ ಸಲ ಬ್ರಶ್ಶು ಆ ತುದಿಯಿಂದ ಈ ತುದಿಯವರೆಗೆ ಒಂದೇ ಬೀಸಿನಲ್ಲಿ ಬಂತು.

ನನ್ನ ಕಣ್ಣು ಮಂಜಾಗಿ ಹಿಡಿತ ಸಡಿಲವಾಗಿರಬೇಕು. ಮೇಲಿಂದ ದನಿ ಬಂತು.

“ಬಿಗಿ ಹಿಡೀರಿ ಗೈಡ್ ಸಾಹೇಬ್ರ. ಇಲ್ಲಾಂದ್ರ ನೀವು ಹೇಳಿದ್ದು ಖರೇ ಆದೀತು.”

ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತೆ.